ಕ್ಲಚ್ ಇಲ್ಲದ ಕಾರಿನ ಜಗ್ಗಾಟ

1964ರಲ್ಲಿ ನಾನು ಸಾಗರದ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಗ್ಯಾರೇಜಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ವಯಸ್ಸು ಇಪ್ಪತ್ತೆಂಟು, ತಲೆಗೆ ಸ್ವಲ್ಪ ಮದ ಏರಿತ್ತು. ಬಸ್ಸು, ಲಾರಿ, ಜೀಪು ಏನೇ ಬರಲಿ, ಶಬ್ದ ಕೇಳಿಯೇ ರೋಗ ಹೇಳುತ್ತೇನೆ ಎಂಬ ಜಂಬ.

ಒಂದು ಸೋಮವಾರ ಬೆಳಿಗ್ಗೆ ನಮ್ಮ ಊರಿನ ಡಾಕ್ಟರೊಬ್ಬರ ಕಾರು ಬಂತು. ಉದ್ದನೆಯ ಅಮೆರಿಕನ್ ಕಾರು, ಸ್ಟಿಯರಿಂಗ್ ಎಡಗಡೆ. ಅಣೆಕಟ್ಟಿನ ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟಿದ್ದ ವಿದೇಶಿ ಎಂಜಿನಿಯರೊಬ್ಬರಿಂದ ಡಾಕ್ಟರು ಎರಡು ತಿಂಗಳ ಹಿಂದೆ ಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಹೆರಿಗೆಯ ಹೆಂಗಸರನ್ನು ಮಲಗಿಸಿ ಹಳ್ಳಿಗಳಿಂದ ತಮ್ಮ ಆಸ್ಪತ್ರೆಗೆ ತರುತ್ತಿದ್ದರು. ಅದರ ಗೇರ್ ಬಾಕ್ಸ್ ಆಟೋಮ್ಯಾಟಿಕ್, ಅಂದರೆ ಎಣ್ಣೆಯ ಒತ್ತಡದಿಂದ ಗೇರು ತಾನಾಗಿಯೇ ಬದಲಾಗುತ್ತದೆ. ಕ್ಲಚ್ ಪೆಡಲೇ ಇಲ್ಲ. ಅಂಥದೊಂದು ಇದೆ ಎಂದು ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಆ ದಿನದ ಖುಷಿಯನ್ನು ಈಗಲೂ ಮರೆತಿಲ್ಲ, ಬೆಳಗಿನ ತಿಂಡಿ ತಿನ್ನುವುದನ್ನೂ ಮರೆತಿದ್ದೆ.

ಡ್ರೈವರ್ ಮಂಜಪ್ಪ ದೂರು ಹೇಳಿದ. "ಗೇರ್ ಬದಲಾಗ್ವಾಗ ಎತ್ತಿ ಹಾಕ್ದಂಗೆ ಜಗ್ತದೆ ಕಣ್ರಿ. ಹಿಂದೆ ಮಲಗ್ದೋರು ಕೂಗ್ತಾರೆ. ಡಾಕ್ಟ್ರು ನಂಗೆ ಬಯ್ತಾರೆ."

ಮಂಜಪ್ಪ ಹದಿನಾರು ವರ್ಷ ಬಸ್ ಓಡಿಸಿದವನು. ಡಾಕ್ಟರು ಕರೆದರೆಂದು ಆ ಕೆಲಸ ಬಿಟ್ಟಿದ್ದ, ಅವನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಈ ಕಾರು ಹೋದರೆ ಅವನ ಅನ್ನವೂ ಹೋಗುತ್ತಿತ್ತು.

ನಮ್ಮ ಕಡೆ ಆಗ ಒಂದು ಮರ್ಯಾದೆ ಇತ್ತು. ಡ್ರೈವರ್ ಎದುರಿಗಿರುವಾಗ ಮೆಕ್ಯಾನಿಕ್ ಸ್ಟಿಯರಿಂಗ್ ಹಿಡಿಯುವುದಿಲ್ಲ. ಹಿಡಿದರೆ ನಿನಗೆ ಓಡಿಸಲು ಬರುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಆದ್ದರಿಂದ ಮಂಜಪ್ಪ ಓಡಿಸಿದ, ನಾನು ಹಿಂದಿನ ಸೀಟಿನ ಬುಡದಲ್ಲಿ ಬೋರಲು ಮಲಗಿ ನೆಲಕ್ಕೆ ಕಿವಿ ಕೊಟ್ಟೆ. ಜಗ್ಗಾಟ ನಿಜವಾಗಿತ್ತು, ಮೊದಲ ಸಲಕ್ಕೇ ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು.

ಎರಡು ದಿನ ಹುಡುಕಿದೆ. ಗೇರ್ ಬಾಕ್ಸಿನ ಎಣ್ಣೆಯ ಮಟ್ಟ ಸರಿಯಿತ್ತು, ಬಣ್ಣ ಕೆಂಪಗೇ ಇತ್ತು, ಸುಟ್ಟ ವಾಸನೆ ಇರಲಿಲ್ಲ. ಎಂಜಿನ್ನಿಂದ ಗೇರ್ ಬಾಕ್ಸಿಗೆ ಹೋಗುವ ವ್ಯಾಕ್ಯೂಮ್ ಪೈಪ್ ಸೀಳಿದರೆ ಗೇರು ಒರಟಾಗಿ ಬೀಳುತ್ತದೆ ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿತ್ತು. ಪೈಪ್ ಗಟ್ಟಿಯಾಗಿತ್ತು. ಆಕ್ಸಿಲರೇಟರಿನ ಕಡ್ಡಿ, ಎಂಜಿನ್ ಕೂರುವ ರಬ್ಬರ್, ಎಲ್ಲವೂ ಸರಿ. ಉಳಿದದ್ದು ಗೇರ್ ಬಾಕ್ಸಿನ ಒಳಗು. "ಬಿಚ್ಚಲೇಬೇಕು" ಎಂದು ಡಾಕ್ಟರಿಗೆ ಹೇಳಿಬಿಟ್ಟೆ. ನಿಜ ಹೇಳಬೇಕೆಂದರೆ, ಒಳಗೆ ಏನಿದೆ ಎಂದು ನೋಡುವ ಚಪಲ ನನ್ನ ಬಾಯಿಂದ ಆ ಮಾತು ಆಡಿಸಿತ್ತು.

ಡಾಕ್ಟರು ಯೋಚಿಸಿ ಹೇಳಿದರು. "ಬಿಚ್ಚಿದ್ಮೇಲೆ ಸಾಮಾನು ಎಲ್ಲಿ ಸಿಗ್ತದೆ? ಬೇಡ ಬಿಡಿ. ಶಿವಮೊಗ್ಗದವರೊಬ್ರು ಕೇಳಿದಾರೆ, ನಾಳೆ ಬರ್ತಾರೆ. ಕೊಟ್ಬಿಡ್ತೀನಿ. ನನಗೆ ಹಳೇ ಜೀಪ್ ಸಾಕು, ನಾನೇ ಓಡಿಸ್ಕೊಳ್ತೀನಿ."

ಮಂಜಪ್ಪನ ಮುಖ ನೋಡಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಕೊನೆಯದಾಗಿ ಒಂದು ಸಲ ಹೊರಗಿನಿಂದ ಕೇಳೋಣ ಎಂದು ವರದಹಳ್ಳಿ ರಸ್ತೆಯ ಏರಿಗೆ ಹೋದೆವು. ನಾನು ತಿರುವಿನಲ್ಲಿ ಇಳಿದು ನಿಂತೆ. ಮಂಜಪ್ಪ ನನ್ನ ಮುಂದೆಯೇ ಏರು ಹತ್ತಿಸಿದ. ಗೇರು ಬದಲಾಯಿತು, ಕಾರು ಜಗ್ಗಿತು, ಅದೇ ಗಳಿಗೆಗೆ ಹಿಂದಿನ ಕೆಂಪು ದೀಪ ಮಿಂಚಿ ಆರಿತು.

ಅದು ಬ್ರೇಕ್ ದೀಪ. ಏರಿನಲ್ಲಿ ಯಾರಾದರೂ ಬ್ರೇಕ್ ಒತ್ತುತ್ತಾರೆಯೇ? ವೈರಿಂಗ್ ದೋಷವಿರಬಹುದೆಂದು ಇನ್ನೆರಡು ಸಲ ಅವನಿಂದ ಹತ್ತಿಸಿದೆ. ಪ್ರತಿ ಜಗ್ಗಿಗೂ ಒಂದು ಮಿಂಚು, ಲೆಕ್ಕ ತಪ್ಪಲಿಲ್ಲ. ಕಾರಿನ ಹಿಂದೆ ಓಡಿದೆ. ಮರ್ಯಾದೆ ಗಿರ್ಯಾದೆ ಎಲ್ಲ ಬದಿಗಿಟ್ಟು ಕೇಳಿದೆ. "ಮಂಜಣ್ಣ, ಒಂದ್ಸಲ ನಾನು ಹಿಡೀಲಾ?"

ಅವನ ಮುಖ ಸಣ್ಣದಾಯಿತು. ಆದರೂ ಸರಿದು ಕೂತ. ನಾನು ಓಡಿಸಿದೆ. ಗೇರು ಬದಲಾದದ್ದು ಕಿವಿಗೆ ಮಾತ್ರ ಗೊತ್ತಾಯಿತು, ಮೈಗೆ ಗೊತ್ತಾಗಲಿಲ್ಲ. ಕುಣಿಯುವಷ್ಟು ಸಂತೋಷವಾಯಿತು.

ಮತ್ತೆ ಅವನನ್ನು ಕೂರಿಸಿ, ಪಕ್ಕದಲ್ಲಿ ಕೂತು ಕಾಲು ನೋಡಿದೆ. ಎಂಜಿನ್ ದನಿ ಏರಿದ ಕೂಡಲೇ ಅವನ ಎಡಗಾಲು ತಾನಾಗಿ ಎದ್ದು, ಬಸ್ಸಿನಲ್ಲಿ ಗೇರು ಬದಲಿಸಲು ಒತ್ತುತ್ತಿದ್ದ ಕ್ಲಚ್ ಹುಡುಕುತ್ತಿತ್ತು. ಅಲ್ಲಿ ಇದ್ದದ್ದು ಅಗಲವಾದ ಬ್ರೇಕ್ ಪೆಡಲಿನ ಎಡ ಅಂಚು. ಅರೆಗಳಿಗೆ ಒತ್ತಿ ಬಿಡುತ್ತಿದ್ದ, ಅಷ್ಟು ಸಾಕಾಗಿತ್ತು. "ಕೆಳಗೆ ನೋಡು" ಎಂದೆ. ಬಗ್ಗಿ ನೋಡಿದ.

"ಇದು ನಂದೇ ಕಾಲಾ?" ಎಂದ. ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದ. ಆಮೇಲೆ ತಗ್ಗಿದ ದನಿಯಲ್ಲಿ, "ಡಾಕ್ಟ್ರಿಗೆ ಹೇಳ್ಬ್ಯಾಡಿ ಮಾರಾಯ್ರೆ. ಹದಿನಾರು ವರ್ಷದ ಡ್ರೈವರ್ಗೆ ಗಾಡಿ ಓಡ್ಸಕ್ಕೆ ಬರಲ್ಲ ಅಂದ್ರೆ ನನ್ನ ಯಾರು ಇಟ್ಕತಾರೆ?" ಎಂದ.

ಪೈಪ್ ಸಡಿಲವಾಗಿತ್ತು ಎಂದು ಹೇಳುತ್ತೇನೆ ಎಂದು ಮಾತು ಕೊಟ್ಟೆ. ಕಾಲಿಗೂ ಉಪಾಯ ಹೇಳಿದೆ. ಊಟಕ್ಕೆ ಎಲೆ ಮುಂದೆ ಕೂತ ಹಾಗೆ ಎಡಗಾಲು ಮಡಚಿ ಸೀಟಿನ ಮೇಲಿಡು, ಬಲಗಾಲು ಮಾತ್ರ ಕೆಲಸ ಮಾಡಲಿ. ಹಾಗೆಯೇ ಕೂತು ಊರಿನವರೆಗೆ ಬಂದ. ಕಾರು ಒಮ್ಮೆಯೂ ಜಗ್ಗಲಿಲ್ಲ.

ಡಾಕ್ಟರ ಮುಂದೆ ನನ್ನ ಪೈಪಿನ ಕತೆ ಹೇಳಿದೆ. ಅವರು ಕೇಳಿ ತಲೆ ಆಡಿಸಿದರು. "ಮತ್ತೆ ಸಡಿಲ ಆಗಲ್ಲ ಅಂತ ಎಂತ ಗ್ಯಾರಂಟಿ? ಹೊಟ್ಟೇಲಿ ಮಗು ಇಟ್ಕೊಂಡೋರು ಕೂರೋ ಕಾರು. ನಂಬಿಕೆ ಹೋಯ್ತು. ನಾಳೆ ಕೊಟ್ಟೇ ಬಿಡೋಣ."

ಉಳಿಸಲೆಂದು ಆಡಿದ ಸುಳ್ಳೇ ಕಾರನ್ನು ಮಾರಿಸುತ್ತಿತ್ತು. ಆಗ ಬಾಗಿಲ ಬಳಿ ನಿಂತಿದ್ದ ಮಂಜಪ್ಪ ಮುಂದೆ ಬಂದ.

"ಪೈಪ್ ಅಲ್ಲ ಡಾಕ್ಟ್ರೆ. ನನ್ನ ಕಾಲು. ಕಾರು ಬಂದಾಗಿಂದ ನಾನೇ ಬ್ರೇಕ್ ಒತ್ತಿದ್ದು. ಗೊತ್ತಿರ್ಲಿಲ್ಲ. ಕಾರು ಚೊಲೋ ಐತೆ, ಕೊಡ್ಬ್ಯಾಡಿ. ಬೇಕಾದ್ರೆ ಬೇರೆ ಡ್ರೈವರ್ನ ಇಟ್ಕಳಿ."

ಡಾಕ್ಟರು ನನ್ನತ್ತ ಒಂದು ನೋಟ ಬೀರಿದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆಮೇಲೆ ಅವರು ತಮ್ಮ ಚೀಲ ಎತ್ತಿಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. "ರಿಪ್ಪನ್‌ಪೇಟೆಯಿಂದ ಹೇಳಿಕಳಿಸಿದಾರೆ, ಚೊಚ್ಚಲ ಹೆರಿಗೆ. ನಡಿ ಮಂಜಪ್ಪ. ಆ ಕಾಲು ಮಾತ್ರ ಮಡಚೇ ಇರ್ಲಿ."

ಆಮೇಲೆ ಮೂವತ್ತು ವರ್ಷ ಈ ಕೆಲಸ ಮಾಡಿದೆ. ಗಾಡಿ ಬಂದರೆ ಮೊದಲು ಓಡಿಸುವವನ ಪಕ್ಕ ಕೂತು ಒಂದು ಸುತ್ತು ಹೋಗುತ್ತಿದ್ದೆ, ಸ್ಪ್ಯಾನರ್ ಆಮೇಲೆ. ಅದು ಕಲಿತ ವಿದ್ಯೆ, ಯಾರಿಗಾದರೂ ಹೇಳಿಕೊಡಬಹುದು. ಅನ್ನ ಹೋಗುತ್ತದೆ ಎಂದು ಗೊತ್ತಿದ್ದೂ ಕಾರಿನ ಮೇಲಿನ ಅಪವಾದವನ್ನು ತನ್ನ ಮೈಮೇಲೆ ಎಳೆದುಕೊಂಡ ಮಂಜಪ್ಪನ ಹಾಗೆ, "ಬಿಚ್ಚಬೇಕು ಅಂದದ್ದು ನನ್ನ ಚಪಲ" ಎಂದು ಆ ದಿನ ಡಾಕ್ಟರಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಇವತ್ತು ಇಲ್ಲಿ ಬರೆದಿದ್ದೇನೆ.