ಜಗದೇವಿ ಕೈಯೊಡ್ಡಿ ಕೇಳಿದ ಉಪ್ಪು

ಘಾಟಬೋರಾಳದ ಜಗದೇವಿಯ ಮಗಳು ಏಳು ವರ್ಷವಾದರೂ ಮಾತಾಡಲಿಲ್ಲ. "ನಿನ್ನ ಹೊಟ್ಟಿನೇ ಕೆಟ್ಟದ" ಎಂದು ಅತ್ತೆ ಶೇವಂತಾಬಾಯಿ ಇಬ್ಬರನ್ನೂ ಹೊರಗಟ್ಟಿದಳು.

ಜಗದೇವಿ ಅಂಗನವಾಡಿ ಕೆಲಸಕ್ಕೆ ಸೇರಿದಳು. ಹುಮನಾಬಾದಿನ ತರಬೇತಿಯಲ್ಲಿ ಕೇಳಿದ್ದನ್ನು ಎದೆಯಲ್ಲಿ ಇಟ್ಟುಕೊಂಡಳು: ಗರ್ಭದ ಕೂಸಿನ ಮೆದುಳಿನ ಜೀವಕೋಶಗಳ ಒಳಗೆ ಬೀಗಗಳಿರುತ್ತವೆ, ತಾಯಿಯ ಥೈರಾಯ್ಡ್ ರಸವೇ ಅವುಗಳ ಕೀಲಿ, ಅಯೋಡಿನ್ ಸಿಗದಿದ್ದರೆ ಆ ರಸ ಸಾಲದು, ಮೆದುಳು ಸರಿಯಾಗಿ ಬೆಳೆಯದು.

2003ರಲ್ಲಿ ಉಪ್ಪು ಪರೀಕ್ಷಿಸುವ ಸೀಸೆ ಹಿಡಿದು ಅತ್ತೆಯ ಬಾಗಿಲಿಗೇ ಮೊದಲು ಹೋದಳು. ಓಣಿ ನೆರೆಯಿತು.

"ಉಪ್ಪು ಕೈಯಾಗ ಹಾಕ್ರಿ, ಅತ್ತಿ."

"ಕೈಯಾಗ ಕೊಟ್ಟರ ಜಗಳ ಆಗ್ತದ."

"ಅದಕ್ಕೇ ಬಂದೀನ್ರಿ."

ಹನಿ ಬಿದ್ದರೆ ಅಯೋಡಿನ್ ಉಪ್ಪು ನೀಲಿಯಾಗಬೇಕು. ಇದು ಬೆಳ್ಳಗೇ ಉಳಿಯಿತು.

"ಬಸುರಿದ್ದಾಗ ಇದೇ ಗಡಗಿ ಉಪ್ಪು ತಿಂದೀನಿ. ಕೆಟ್ಟದ್ದು ಯಾವುದು, ನೀವೇ ಹೇಳ್ರಿ" ಎಂದಳು ಓಣಿಗೆ.

ಆ ಮಾತು ಹೆಣ್ಣಿನ ಮನೆಯವರ ಕಿವಿಗೂ ಬಿದ್ದು, ಅತ್ತೆಯ ಕಿರಿಮಗನ ಮದುವೆ ನಿಶ್ಚಯ ಮುರಿದ ದಿನ ಜಗದೇವಿ ಸಿಹಿ ಹುಗ್ಗಿ ಮಾಡಿ ಮಗಳಿಗೆ ಉಣಿಸಿದಳು.