ನಾಲ್ಕು ಬಿಂದಿಗೆಯ ತಂಡ

ಸ್ನೇಹಿತರೇ, ಇವತ್ತು ಕೋಲಾರದ ಮೈದಾನದಲ್ಲಿ ಸಮುದ್ರದಾಚೆ ಸೀಮೆಯಿಂದ ಬಂದ ಬಿಳಿ ದೊರೆಗಳ ಫುಟ್‌ಬಾಲ್ ತಂಡದ ಎದುರು ಒಂದು ಗೋಲಿನಿಂದ ಸೋತೆವು. ನಮ್ಮ ಕಡೆ ಆಡಿದವರು ಸಾಮಾನ್ಯರಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಂಡಗಳಿಂದ ಆರಿಸಿ ತೆಗೆದವರು. ಮಾಲೂರು ತಂಡದಿಂದ ನನ್ನ ಅಕ್ಕನ ಮಗ ಮುನಿರಾಜನೂ ಇದ್ದ. ಅವನಿಗೆ ಚೆಂಡು ಒದೆಯೋದು ಕಲಿಸಿದವನು ನಾನೇ, ಬೇಕಾದರೆ ಮಾಲೂರಲ್ಲಿ ಯಾರನ್ನಾದರೂ ಕೇಳಿ.

ವಿರಾಮದಲ್ಲಿ ದೊರೆಗಳೆಲ್ಲ ಒಂದೇ ಕಡೆ ಕೂತರು. ನಮ್ಮವರು ಅವರವರ ಊರಿನ ನೀರಿನ ಬಿಂದಿಗೆ ಹುಡುಕಿಕೊಂಡು ನಾಲ್ಕು ಮೂಲೆಗೆ ಹೋದರು. ಮಾಲೂರಿನ ಬಿಂದಿಗೆ ನನ್ನ ಕೈಲಿತ್ತು.

ಆಟ ಮುಗಿಯೋ ಹೊತ್ತಿಗೆ ಮುನಿರಾಜ ಗೋಲಿನ ಮುಂದೆ ಒಬ್ಬನೇ ನಿಂತು ಕೈ ಎತ್ತಿದ. ಚೆಂಡು ಮುಳಬಾಗಿಲಿನ ಸೀನನ ಕಾಲಲ್ಲಿತ್ತು. ಸೀನ ಅವನನ್ನು ನೋಡಿದ. ನೋಡಿಯೂ ಚೆಂಡನ್ನು ಆಚೆಗೆ ತಿರುಗಿಸಿಕೊಂಡು ಓಡಿದ. ದೊರೆಗಳು ಕಿತ್ತುಕೊಂಡರು. ಅಲ್ಲಿಗೆ ಮುಗೀತು.

"ಏನ್ಲಾ ಸೀನ, ಯಾಕೆ ಕೊಡಲಿಲ್ಲ?" ಅಂದೆ.

ಅವನು ತಲೆ ತಗ್ಗಿಸಿದ. "ಬೇಕಂತ ಮಾಡಲಿಲ್ಲ ಮಾವ. ವರ್ಷವೆಲ್ಲ ಇವನನ್ನ ಕಂಡರೆ ಚೆಂಡು ತಪ್ಪಿಸಿಕೊಂಡು ಓಡಿದ ಕಾಲು ಇದು. ಇವತ್ತೊಂದು ದಿನ ಇವನು ನಮ್ಮವನು ಅಂತ ಕಾಲಿಗೆ ಗೊತ್ತಾಗಲಿಲ್ಲ."

ಮುನಿರಾಜ ನನ್ನ ಕೈಲಿದ್ದ ಮಾಲೂರಿನ ಬಿಂದಿಗೆ ತಗೊಂಡು ಸೀನನ ಬೊಗಸೆಗೆ ನೀರು ಹೊಯ್ದ. ಅವನು ಕುಡಿದು ಮುಗಿಸೋವರೆಗೂ ಹೊಯ್ತಾನೇ ಇದ್ದ.

"ಈ ನೀರು ವಿರಾಮದಲ್ಲೇ ಕುಡಿದಿದ್ದರೆ ಗೆಲ್ತಿದ್ರಿ ಕಣ್ರೋ" ಅಂದೆ.

ಇಬ್ಬರೂ ನನ್ನನ್ನೇ ನೋಡಿದರು. ವಿರಾಮದಲ್ಲಿ ಸೀನ ನನ್ನ ಹತ್ತಿರ ನೀರು ಕೇಳಿಕೊಂಡು ಬಂದಿದ್ದ. "ನಿಮ್ಮೂರ ಬಿಂದಿಗೆ ಆ ಮೂಲೇಲಿದೆ, ಹೋಗಪ್ಪಾ" ಅಂತ ಕಳಿಸಿದವನೂ ನಾನೇ.