ಲಕ್ಷ್ಮಮ್ಮನವರ ಒದ್ದೆ ಕೈ

ನಮ್ಮ ಮನೆ ಓನರ್ ಲಕ್ಷ್ಮಮ್ಮನವರು ಯಾರಿಗಾದರೂ ಕಂಪ್ಯೂಟರ್ ಹೇಳಿಕೊಡಲು ಕೂತರೆ, ಮೊದಲು ನೆನೆಸಿದ ಅವರೆಕಾಳಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕಾಳು ಹಿತುಕುತ್ತಿದ್ದರೆ ಕೈ ಒದ್ದೆ. ಒದ್ದೆ ಕೈಯಲ್ಲಿ ಮೌಸ್ ಮುಟ್ಟುವ ಹಾಗಿಲ್ಲ. ಉಪಾಯವೇ ಅದು. ಅವರೆ ಕಾಲ ಮುಗಿದ ಮೇಲೆ ಹುಣಸೆಹಣ್ಣು ಬಿಡಿಸುತ್ತಾರೆ.

ನಾನು ಹದಿನಾಲ್ಕು ವರ್ಷದಿಂದ ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಜರಗನಹಳ್ಳಿಯ ಈ ಮನೆಯ ಮಹಡಿಗೆ ಬಂದ ಹೊಸದರಲ್ಲಿ ಇದನ್ನು ನೋಡಿ ಒಳಗೊಳಗೇ ನಕ್ಕಿದ್ದೆ. ರಾಗಿ ಬೆಳೆದ ಹೆಂಗಸು ನನಗಿಂತ ಚೆನ್ನಾಗಿ ಏನು ಹೇಳಿಕೊಟ್ಟಾರು ಅನ್ನುವ ಜಂಬ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬಿಟಿಎಂ ಕಡೆ ಮನೆ ಬದಲಾಯಿಸಿದ ಬಾಡಿಗೆಯವರೊಬ್ಬರು ಹಳೇ ಲ್ಯಾಪ್‌ಟಾಪ್ ಬಿಟ್ಟುಹೋಗಿದ್ದರಂತೆ. ಮಗ ರವಿಕಿರಣ್ ಅದಕ್ಕೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ, "ಅಮ್ಮಾ, ವಿಡಿಯೋ ನೋಡ್ಕೋ, ಬೇರೆ ಏನೂ ಮುಟ್ಬೇಡ" ಅಂದ. ಮುಟ್ಟಬೇಡ ಅಂದಿದ್ದನ್ನು ಮುಟ್ಟದೆ ಬಿಡುವ ಜೀವವಲ್ಲ ಅದು. ಮರುದಿನವೇ ಒಂದೊಂದಾಗಿ ಒತ್ತುತ್ತಾ ಹೋಗಿ, ಬೇಕಾದ ಸಾಫ್ಟ್‌ವೇರ್ ಹುಡುಕಿ ಹಾಕಿಕೊಳ್ಳುವ ಪುಟ ತೆರೆದರು. ಆಕಾಶ ತೋರಿಸುವ ಒಂದು ಪ್ರೋಗ್ರಾಂ ಸಿಕ್ಕಿತು. ರೋಹಿಣಿ ಮಳೆ, ಮಘೆ ಮಳೆ ಎಂದು ಲೆಕ್ಕ ಹಿಡಿದು ಬಿತ್ತಿದವರು, ಆ ರೋಹಿಣಿ ಎಲ್ಲಿದೆಯೆಂದು ಅರವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ನೋಡಿದರು. ಅವತ್ತು ಮನೆಯಲ್ಲಿ ಊಟ ತಡವಾಯಿತಂತೆ.

ಸಾಫ್ಟ್‌ವೇರ್ ಹುಡುಕುವ ಆ ಪುಟಕ್ಕೆ ಅವರಿಟ್ಟ ಹೆಸರು ಉಗ್ರಾಣ. "ಒಲೆ ಮುಂದೆ ಇಟ್ಟಿರೋದು ನಾಲ್ಕೇ ಡಬ್ಬ. ಮಿಕ್ಕಿದ್ದೆಲ್ಲ ಉಗ್ರಾಣದಲ್ಲಿದೆ. ಒಳಗೆ ಹೋಗಿ ಹುಡುಕ್ದೋರಿಗೆ ಸಿಗ್ತದೆ" ಅನ್ನುತ್ತಾರೆ. ಈಗ ಓಣಿಯಲ್ಲಿ ಯಾರ ಮನೆಗೆ ಹಳೇ ಲ್ಯಾಪ್‌ಟಾಪ್ ಬಂದರೂ ಮೊದಲು ಇವರ ಜಗಲಿಗೇ ಬರುತ್ತದೆ.

ಹೋದ ಜನವರಿಯಲ್ಲಿ ಪಕ್ಕದ ಮನೆಯ ಚೈತ್ರ ಬಂದಳು. ಒಂಬತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದವಳು, ಬರೀ ಕಾಲರ್. ನ್ಯೂಸ್‌ಪೇಪರ್ ಮೇಲೆ ಅವಳು ಬರೆದು ಕತ್ತರಿಸಿದ ಬ್ಲೌಸ್ ಅಳತೆ ಒಂದು ನೂಲಿನಷ್ಟೂ ತಪ್ಪುತ್ತಿರಲಿಲ್ಲ. ಜಯನಗರದ ಬೊಟಿಕ್ ಒಂದರಲ್ಲಿ ಆ ಕೆಲಸಕ್ಕೇ ಜನ ಬೇಕಾಗಿತ್ತು, ಆದರೆ ಕಂಪ್ಯೂಟರ್‌ನಲ್ಲಿ ಬರೆಯಬೇಕು. ಅಲ್ಲಿಯದೂ ಲಿನಕ್ಸೇ. ಪರೀಕ್ಷೆಗೆ ನಾಲ್ಕು ದಿನವಿತ್ತು. ತಪ್ಪಿದರೆ ಮತ್ತೆ ಕಾಲರ್.

"ಆಂಟಿ, ಇದರಲ್ಲಿ ಬಟ್ಟೆದು ಏನೂ ಇಲ್ವಲ್ಲ" ಅಂದಳು.

"ಉಗ್ರಾಣಕ್ಕೆ ಹೋಗು" ಅಂದು ಲಕ್ಷ್ಮಮ್ಮ ಕಾಳು ಹಿತುಕಿದರು.

ಚೈತ್ರ ಟೈಲರ್ ಅಂತ ಹೊಡೆದಳು, ಸಿಗಲಿಲ್ಲ. ಬ್ಲೌಸ್ ಅಂದಳು, ಸಿಗಲಿಲ್ಲ. ಅರ್ಧ ಗಂಟೆ ಹೀಗೇ ಹೋಯಿತು. ಅವಳ ಕಣ್ಣಲ್ಲಿ ನೀರಾಡಿದ್ದು ನೋಡಿ ಅಲ್ಲೇ ಕೂತಿದ್ದ ನನಗೆ ರೇಗಿತು.

"ಲಕ್ಷ್ಮಮ್ಮನೋರೇ, ಇರೋದೇ ನಾಲ್ಕು ದಿನ. ನಾನು ಒಂದೇ ನಿಮಿಷದಲ್ಲಿ ಹಾಕ್ಕೊಡ್ತೀನಿ."

"ನೀವು ಹಾಕ್ಕೊಡ್ತೀರ ಮೇಷ್ಟ್ರೇ, ಗೊತ್ತು. ಆಮೇಲೆ ಇವಳು ಎಲ್ಲಿಗೆ ಹೋದ್ರೂ ನಿಮ್ಮನ್ನ ಕರ್ಕೊಂಡ್ ಹೋಗ್ಬೇಕಾಗ್ತದೆ" ಅಂದರು. ಆಮೇಲೆ ಚೈತ್ರಳ ಕಡೆ ತಿರುಗಿ, "ಪೇಪರ್ ಮೇಲೆ ಬರೀತೀಯಲ್ಲ, ಅದಕ್ಕೆ ಗಾರ್ಮೆಂಟ್ಸ್‌ನಲ್ಲಿ ಏನಂತಾರೆ?"

"ಪ್ಯಾಟರ್ನ್."

"ಮತ್ತೆ ಅದನ್ನೇ ಕೇಳು."

ಗೋಡೆ ಚಿತ್ತಾರ, ಸ್ವೆಟರ್ ಹೆಣಿಗೆ ಎಲ್ಲ ದಾಟಿ, ಕೆಳಗೆಲ್ಲೋ ಬಟ್ಟೆ ಅಳತೆಯದೂ ಸಿಕ್ಕಿತು. ನಾನು ಮುನಿಸಿಕೊಂಡು ಮಹಡಿ ಹತ್ತಿದೆ. ಹಟಮಾರಿ ಮುದುಕಿ, ಹುಡುಗಿಯ ಅರ್ಧ ಗಂಟೆ ಹಾಳುಮಾಡಿತು ಎಂದೇ ಅಂದುಕೊಂಡೆ.

ಪರೀಕ್ಷೆಯ ದಿನ ಬೊಟಿಕ್‌ನಲ್ಲಿದ್ದದ್ದು ಹಿಂದಿನ ದಿನವಷ್ಟೇ ತಂದ ಹೊಸ ಕಂಪ್ಯೂಟರ್. ಅದನ್ನು ಜೋಡಿಸಿದವನು ಪ್ಯಾಟರ್ನ್ ಪ್ರೋಗ್ರಾಂ ಹಾಕುವುದನ್ನೇ ಮರೆತಿದ್ದ, ಫೋನಿಗೂ ಸಿಗಲಿಲ್ಲ. ಬಂದಿದ್ದ ಇನ್ನಿಬ್ಬರು ಕೈಕಟ್ಟಿ ಕೂತರು. ಪರೀಕ್ಷೆ ಮುಂದಕ್ಕೆ ಹಾಕೋಣ ಎಂದು ಮಾಲೀಕರು ಏಳುವಷ್ಟರಲ್ಲಿ ಚೈತ್ರ, "ಮೇಡಂ, ಉಗ್ರಾಣದಲ್ಲಿ ನೋಡ್ಲಾ?" ಅಂದಳಂತೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಬಿಟ್ಟರು. ಇವಳು ಹುಡುಕಿದಳು. ಪಾಸ್‌ವರ್ಡ್ ಕೇಳಿದಾಗ ಅವರೇ ಬಂದು ಒತ್ತಿದರು. ಹತ್ತು ನಿಮಿಷಕ್ಕೆ ತೆರೆಯ ಮೇಲೆ ತೋಳಿನ ಗೆರೆ ಎದ್ದಿತ್ತು. ಕೆಲಸ ಅಲ್ಲೇ ಗಟ್ಟಿಯಾಯಿತು.

ಸಂಜೆ ಚೈತ್ರ ಬಂದು ಇದನ್ನೆಲ್ಲ ಹೇಳಿದಳು. ನಾನು ಹಾಕಿಕೊಟ್ಟಿದ್ದರೆ ಆ ಹುಡುಗಿ ಮೂರನೆಯವಳಾಗಿ ಕೈಕಟ್ಟಿ ಕೂತಿರುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ನಾನು ಎಷ್ಟು ಮಕ್ಕಳ ಕೈಯಿಂದ ಮೌಸ್ ಕಸಿದಿದ್ದೇನೋ.

ಮುಂದಿನ ಭಾನುವಾರ ಚೈತ್ರ ಮೈಸೂರುಪಾಕು ತಂದಳು. ಜಗಲಿಯಲ್ಲಿ ಬೈರಮ್ಮ ಎಂಬ ಹೂವಿನ ಅಂಗಡಿಯವರು ಮೊದಲ ಸಲ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಮೌಸಿನ ಬಾಣವನ್ನು ಉಗ್ರಾಣದ ಗುರುತಿನ ಹತ್ತಿರ ತರುವುದು, ಅದು ಜಾರಿಹೋಗುವುದು, ಮತ್ತೆ ತರುವುದು. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಮೌಸ್ ಕಡೆ ಹೋಯಿತು.

ಚೈತ್ರ ಲಕ್ಷ್ಮಮ್ಮನವರ ತೊಡೆಯಿಂದ ಅವರೆಕಾಳಿನ ಪಾತ್ರೆ ಎತ್ತಿ ನನ್ನ ಮುಂದಿಟ್ಟಳು. ನಾನು ಅಂಗಿಯ ತೋಳು ಮಡಚಿಕೊಂಡು ಹಿತುಕಲು ಕೂತೆ.